ಫಿನ್ ತಿಮಿಂಗಿಲದ ಹಾಡು ನಮ್ಮ ಬೇಸ್ ಬಾಕ್ಸಿನಲ್ಲಿ

ಬಳ್ಳಾರಿಯಲ್ಲಿ ನನ್ನದು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಕೆಲಸ. ಮದುವೆ, ಜಾತ್ರೆ, ಗಣೇಶನ ಹಬ್ಬ, ಎಲ್ಲಕ್ಕೂ ಹೋಗುತ್ತೇವೆ. ಆಷಾಢ ಬಂತೆಂದರೆ ಕೆಲಸ ಇರಲ್ಲ. ಅಂಗಡಿಯಲ್ಲಿ ಕೂತು ಬಾಕ್ಸ್ ಬಿಚ್ಚಿ ರಿಪೇರಿ ಮಾಡುವುದೇ ಆಗ. ಅಂಥ ಒಂದು ದಿನ ತಮ್ಮನ ಮಗಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಫಿನ್ ತಿಮಿಂಗಿಲದ ಬಗ್ಗೆ ಮಾತಾಡಬೇಕಿತ್ತಂತೆ, ಅದರ ಹಾಡು ಡೌನ್‌ಲೋಡ್ ಮಾಡಿಕೊಂಡಿದ್ದಳು.

"ಫೈಲ್ ಖಾಲಿ ಐತಿ ದೊಡ್ಡಪ್ಪಾ, ಏನೂ ಕೇಳಿಸವಲ್ದು."

ನಾನೂ ಹೆಡ್‌ಫೋನ್ ಹಾಕಿ ನೋಡಿದೆ. ಸುಂಯ್ ಅನ್ನುವ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ. ಆದರೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಅಲೆ ಕಂಡಿತು. ಒಂದೊಂದು ಉಬ್ಬು ಹೆಚ್ಚುಕಮ್ಮಿ 1 ಸೆಕೆಂಡು, ಆಮೇಲೆ 15 ಸೆಕೆಂಡಿನಷ್ಟು ಬಿಡುವು, ಮತ್ತೆ ಅದೇ ಉಬ್ಬು. ಪ್ರತಿ ಸಲವೂ 23 ಹರ್ಟ್ಜ್ (ಅಂದರೆ ಸೆಕೆಂಡಿಗೆ 23 ಸಲ ಅದುರುವುದು) ಹತ್ತಿರ ಶುರುವಾಗಿ 18ರ ತನಕ ಇಳಿಯುತ್ತಿತ್ತು. ನಮ್ಮ ಕಿವಿ 20ಕ್ಕಿಂತ ಕೆಳಗೆ ಸುಮಾರಾಗಿ ಕೈ ಚೆಲ್ಲುತ್ತದೆ, ಲ್ಯಾಪ್‌ಟಾಪ್ ಸ್ಪೀಕರ್ ಅಂತೂ ಅದರ ಹತ್ತಿರಕ್ಕೂ ಬರಲ್ಲ. ಫೈಲ್ ಖಾಲಿ ಇರಲಿಲ್ಲ, ನಮಗೆ ಕೇಳಿಸುತ್ತಿರಲಿಲ್ಲ ಅಷ್ಟೇ.

ಮೊದಲು ಸ್ಪೀಡ್ 10 ಪಟ್ಟು ಮಾಡಿದೆ. ಆಗ 20 ಹರ್ಟ್ಜ್ 200 ಆಗುತ್ತದೆ, ಎಲ್ಲರಿಗೂ ಕೇಳುತ್ತದೆ. ನೀರು ತುಂಬಿದ ಬಿಂದಿಗೆಯನ್ನು ಬೆರಳಿನಿಂದ ತಟ್ಟಿದ ಹಾಗೆ, ದುಗ್, ದುಗ್. ಚೆನ್ನಾಗಿತ್ತು, ಆದರೆ ಹುಡುಗಿಗೆ ಸಮಾಧಾನ ಆಗಲಿಲ್ಲ. ಅದರ ನಿಜವಾದ ದನಿ ಇದಲ್ಲವಲ್ಲ ಅಂದಳು. ಅವಳು ಹೇಳಿದ್ದು ಸರಿ.

18 ಇಂಚಿನ ದೊಡ್ಡ ಬೇಸ್ ಬಾಕ್ಸ್ ಎಳೆದು, ತೀರಾ ಕೆಳಗಿನ ದನಿಯನ್ನು ತಡೆಯುವ ಹೈಪಾಸ್ ಫಿಲ್ಟರ್ ತೆಗೆದು, ವಾಲ್ಯೂಮ್ ಏರಿಸಿದೆ. ಹಾಗೆ ಮಾಡಬಾರದಿತ್ತು. ಮೂರನೇ ಕೂಗಿಗೇ ಸ್ಪೀಕರಿನ ಅದುರುವ ಬಟ್ಟಲು, ಅಂದರೆ ಕೋನ್, ಪಟಪಟ ಬಡಿದು ಅದರ ಹಿಂದಿನ ತಂತಿ ಸುರುಳಿ, ಅಂದರೆ ಕಾಯಿಲ್, ಬಿಸಿಯಾದ ವಾಸನೆ ಬಂತು. ಮುಂದೆ ತೂತು ಇರುವ ಬಾಕ್ಸು 40 ಹರ್ಟ್ಜ್‌ವರೆಗೆ ಕೋನನ್ನು ಹಿಡಿದಿಡುತ್ತದೆ, ಅದಕ್ಕಿಂತ ತುಂಬಾ ಕೆಳಗೆ ಹೋದರೆ ಒಳಗಿನ ಗಾಳಿ ಕೋನನ್ನು ತಡೆಯುವುದೇ ಇಲ್ಲ. ಇದನ್ನು ಮಾಡಿ ನೋಡುವವರು ದಯವಿಟ್ಟು ಪೂರ್ತಿ ಮುಚ್ಚಿದ ಬಾಕ್ಸೇ ತಗೊಳ್ಳಿ. ನಾನು ಆಮೇಲೆ 15 ಇಂಚಿನ ಮುಚ್ಚಿದ ಬಾಕ್ಸನ್ನು ಕೋನ್ ಮೇಲೆ ಮುಖ ಮಾಡಿ ನೆಲದ ಮೇಲೆ ಮಲಗಿಸಿದೆ, ವಾಲ್ಯೂಮ್ ತೀರಾ ಕೆಳಗಿಟ್ಟೆ, ಮೇಲೆ ಒಂದು ಹಿಡಿ ಜೋಳ ಹಾಕಿದೆ. ಹಿಟ್ಟು ಮಾತ್ರ ಬೇಡ, ಸಂದಿಯಲ್ಲಿ ಇಳಿದು ಕಾಯಿಲ್ ಹಾಳಾಗುತ್ತದೆ.

ಫ್ಯಾನ್ ಆರಿಸಿದೆವು. ಅಂಗಡಿಯಲ್ಲಿ ಒಂದು ಸದ್ದೂ ಇಲ್ಲ. ಇದ್ದಕ್ಕಿದ್ದಂತೆ ಜೋಳವೆಲ್ಲ ಎದ್ದು ಕುಣಿಯಿತು, 1 ಸೆಕೆಂಡು, ಮತ್ತೆ ತಣ್ಣಗೆ ಕೂತಿತು. ಕಾದೆವು. ಮತ್ತೆ ಕುಣಿಯಿತು. ಕೋನ್ ಆಡುತ್ತಿದ್ದದ್ದು ಒಂದು ಮಿಲಿಮೀಟರ್ ಇರಬಹುದು, ಕಾಳು ಎಗರಲು ಅಷ್ಟೇ ಸಾಕು. ಹುಡುಗಿ ಬಾಕ್ಸಿನ ಅಂಚಿಗೆ ಅಂಗೈ ಒತ್ತಿಟ್ಟು ಕಣ್ಣು ಮುಚ್ಚಿಕೊಂಡಳು.

ಅವತ್ತಿನಿಂದ ನಾನೂ ಓದಲು ಶುರು ಮಾಡಿದೆ. ಈ ಪ್ರಾಣಿ ಉದ್ದದಲ್ಲಿ ನೀಲಿ ತಿಮಿಂಗಿಲದ ನಂತರದ್ದು, 20 ಮೀಟರ್ ದಾಟುತ್ತದೆ. ಎರಡು ಸಾರಿಗೆ ಬಸ್ಸು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು. ಕೆಳದವಡೆ ಬಲಗಡೆ ಬಿಳಿ, ಎಡಗಡೆ ಕಪ್ಪು, ಯಾಕೆ ಹೀಗೆ ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. ಹಾಡುವುದು ಗಂಡು, ಅದೂ ಗಂಟೆಗಟ್ಟಲೆ. ಕೂಗಿನ ನಡುವಿನ ಬಿಡುವು ಒಂದೊಂದು ಸಮುದ್ರದಲ್ಲಿ ಒಂದೊಂದು ಥರ ಇರುತ್ತದೆ, ನಮ್ಮಲ್ಲಿ ಊರಿಗೊಂದು ಡೊಳ್ಳಿನ ಗತ್ತು ಇರುತ್ತದಲ್ಲ, ಹಾಗೆ. ಮೊದಮೊದಲು ಇದನ್ನು ಕೇಳಿದ ಕೆಲವರು ಪ್ರಾಣಿಯ ಕೂಗು ಅಂತ ನಂಬಲೇ ಇಲ್ಲವಂತೆ, ಅಷ್ಟು ಅಳೆದಿಟ್ಟ ಹಾಗಿತ್ತು. 1964ರಲ್ಲಿ ವಿಲಿಯಂ ಶೆವಿಲ್, ವಿಲಿಯಂ ವಾಟ್ಕಿನ್ಸ್ ಮತ್ತು ಜೊತೆಗಾರರು ಇದು ಫಿನ್ ತಿಮಿಂಗಿಲದ್ದು ಎಂದು ಬರೆದರು.

ಇಷ್ಟು ಕೆಳಗಿನ ದನಿಯಲ್ಲೇ ಯಾಕೆ ಹಾಡುತ್ತದೆ? ನಮ್ಮ ಕೆಲಸದಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ಸೆಟ್ ಹಾಕಿ, ರಾತ್ರಿ ಬೈಕ್‌ನಲ್ಲಿ ಊರಾಚೆ ಹೋಗಿ ನೋಡಿ. ಹಾಡಿನ ಮಾತು ಹೋಗುತ್ತದೆ, ಮೇಳ ಹೋಗುತ್ತದೆ, ಕೊನೆಗೆ ಹೊಲದ ನಡುವೆ ಬರೀ ಧಂ ಧಂ ಉಳಿಯುತ್ತದೆ. ಕೆಳಗಿನ ದನಿ ದಾರಿಯಲ್ಲಿ ಸವೆಯುವುದು ಕಮ್ಮಿ. ಸಮುದ್ರದಲ್ಲಿ ಅದು ಇನ್ನೂ ಜಾಸ್ತಿ ದೂರ ಹೋಗುತ್ತದೆ, ನೂರಾರು ಕಿಲೋಮೀಟರ್. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಹಾಗಾಗಿ 20 ಹರ್ಟ್ಜ್‌ನ ಒಂದೇ ಒಂದು ಅಲೆ 75 ಮೀಟರ್ ಉದ್ದ! ಹಾಡುವ ತಿಮಿಂಗಿಲಕ್ಕಿಂತ ಮೂರು ಪಟ್ಟು.

ದನಿಯ ಜೋರು 189 ಡೆಸಿಬೆಲ್ ಅಂತ ಓದಿ ಬೆಚ್ಚಿದೆ. ಆದರೆ ನೀರಿನ ಅಳತೆ ಬೇರೆ, ಗಾಳಿಯ ಲೆಕ್ಕಕ್ಕೆ ತರಲು 62ರಷ್ಟು ಕಳೆಯಬೇಕು. ಕಳೆದರೂ 127 ಉಳಿಯುತ್ತದೆ. ನಮ್ಮ ದೊಡ್ಡ ಬಾಕ್ಸು 50 ಹರ್ಟ್ಜ್‌ನಲ್ಲಿ ಅದರ ಹತ್ತಿರ ಹೋಗಬಹುದು, 20ರಲ್ಲಿ ಸಾಧ್ಯವೇ ಇಲ್ಲ. ಒಂದು ಜೀವ ಕರೆಂಟ್ ಇಲ್ಲದೆ, ಬಾಯಿ ತೆರೆಯದೆ ಇದನ್ನು ಮಾಡುತ್ತದೆ.

ಒಂದು ವಿಷಯ ಮಾತ್ರ ಮನಸ್ಸಿಗೆ ನಾಟಿತು. ದೊಡ್ಡ ಸರಕು ಹಡಗಿನ ಸದ್ದು ಕೂಡ ಇದೇ ಕೆಳಗಿನ ಫ್ರೀಕ್ವೆನ್ಸಿಯಲ್ಲೇ ಜಾಸ್ತಿ. ಪಕ್ಕದ ಪೆಂಡಾಲಿನವರು ನಮ್ಮ ಮೇಲೇ ಬೇಸ್ ಬಿಟ್ಟರೆ ಹಾಡುಗಾರನ ಕಥೆ ಏನಾಗುತ್ತದೆ ಅಂತ ನನಗೆ ಗೊತ್ತು. ಕಳೆದ ಶತಮಾನದಲ್ಲಿ ದಕ್ಷಿಣ ಗೋಳಾರ್ಧದ ಸಮುದ್ರಗಳಲ್ಲೇ 7 ಲಕ್ಷಕ್ಕೂ ಹೆಚ್ಚು ಫಿನ್ ತಿಮಿಂಗಿಲಗಳನ್ನು ಕೊಂದರು. ಉಳಿದವು ಅಷ್ಟು ದೂರದಿಂದ ಒಂದನ್ನೊಂದು ಕರೆಯಬೇಕು, ಅದರ ನಡುವೆ ಈ ಗದ್ದಲ.

ಅವತ್ತು ಸಂಜೆಯವರೆಗೂ ಫೈಲ್ ಹಾಗೇ ಓಡಲು ಬಿಟ್ಟಿದ್ದೆವು. ಒಂದು ಹೊತ್ತಿನಲ್ಲಿ ಜೋಳ ಕುಣಿಯುವುದು ನಿಂತಿತು. 15 ಸೆಕೆಂಡು ಆಯಿತು, 30 ಆಯಿತು, 1 ನಿಮಿಷ ಆಯಿತು. ವೈರ್ ಸಡಿಲಾಯಿತೇನೋ ಅಂತ ನಾನು ಆಂಪ್ಲಿಫೈಯರ್ ಹಿಂದೆ ಕೈ ಹಾಕಿದೆ. "ಮುಟ್ಟಬ್ಯಾಡ ದೊಡ್ಡಪ್ಪಾ, ಅದು ಉಸಿರು ತಗೊಳ್ಳಾಕ ಮ್ಯಾಲೆ ಹೋಗೇತಿ" ಅಂದಳು. ಸುಮ್ನೆ ಕೂತೆವು. 2 ನಿಮಿಷ ದಾಟಿದ ಮೇಲೆ ಕಾಳು ಮತ್ತೆ ಎದ್ದವು.