ಪುಣೆಯ ಆಫರ್ ಬಂದಿದೆಯಾ? ಮೊದಲು ಈ ಲೆಕ್ಕ ಹಾಕಿ

ಬೆಂಗಳೂರಿನಿಂದ ಫೋನ್ ಮಾಡುವ ಹುಡುಗರೆಲ್ಲ ಕೇಳುವುದು ಒಂದೇ. "ಅಲ್ಲಿ ಇಷ್ಟು ಲಕ್ಷ, ಇಲ್ಲಿ ಇಷ್ಟು ಲಕ್ಷ. ಯಾವುದಕ್ಕೆ ಹೂಂ ಅನ್ನಲಿ?" ನಾನು ತಿರುಗಿ ಕೇಳುತ್ತೇನೆ: ಪುಣೆಯಲ್ಲಿ ಆಫೀಸು ಎಲ್ಲಿ?

ನಾನು ಬಂದ ಹೊಸದರಲ್ಲಿ ಗೆಳೆಯ ಇದ್ದಾನೆಂದು ಖರಾಡಿಯಲ್ಲಿ ಮನೆ ಹಿಡಿದೆ. ಆಫೀಸು ಹಿಂಜವಡಿ ಫೇಸ್ 3ರಲ್ಲಿ. ಒಂದು ಊರಿನ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಕರಾರಿನಲ್ಲಿ ಲಾಕ್-ಇನ್ ಇತ್ತು, ಮಧ್ಯದಲ್ಲಿ ಬಿಡುವ ಹಾಗಿರಲಿಲ್ಲ. ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಕ್ಯಾಬಿಗೆ ಹೋಯಿತು. ಹಿಂಜವಡಿಯಾದರೆ ವಾಕಡ್, ಬಾಳೇವಾಡಿ ಕಡೆ ನೋಡಿ. ಖರಾಡಿಯ ಆಫೀಸಾದರೆ ವಿಮಾನ್ ನಗರ, ಮಗರ್‌ಪಟ್ಟಾ ಹತ್ತಿರ.

ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಅದನ್ನು ಇಟ್ಟುಕೊಂಡು ಊರು ಹೋಲಿಸಬೇಡಿ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಕೆಲಸ ನೋಡಿ ಕೊಡುವ ವೇರಿಯಬಲ್ ಪೇ ಎಲ್ಲ ಅದರಲ್ಲೇ ಸೇರಿರುತ್ತದೆ. ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಎಚ್‌ಆರ್‌ನವರಿಂದ ಬರೆಸಿಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಇಲ್ಲ, ಬಾಡಿಗೆ ಎಷ್ಟೇ ಕಟ್ಟಿದರೂ ತೆರಿಗೆ ಅಷ್ಟೇ.

ಪುಣೆ ಹಗುರ ಅನ್ನಿಸುವುದು ಮನೆ ಹಿಡಿಯುವಾಗ. ನಾವು ಅಡ್ವಾನ್ಸ್ ಅನ್ನುವುದಕ್ಕೆ ಇಲ್ಲಿ ಡಿಪಾಸಿಟ್ ಅನ್ನುತ್ತಾರೆ, ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಾಡಿಗೆ. 30,000 ಬಾಡಿಗೆಯ ಮನೆಗೆ ಬೆಂಗಳೂರಿನ ಹಳೇ ರೂಢಿಯಂತೆ ಹತ್ತು ತಿಂಗಳು ಅಂದರೆ 3 ಲಕ್ಷ. ಇಲ್ಲಿ ಎರಡು ತಿಂಗಳಾದರೆ 60,000. ಉಳಿದ 2.4 ಲಕ್ಷ ನಿಮ್ಮ ಹತ್ತಿರವೇ ಇರುತ್ತದೆ, ಅಲ್ವಾ? ಅದರಿಂದ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಕಳೆಯಿರಿ. ಕರಾರನ್ನು ನೋಂದಣಿ ಮಾಡಿಸಲೇಬೇಕು, 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಆ ಹೊಣೆಯನ್ನು ಮಾಲೀಕರ ಮೇಲೆ ಹಾಕಿದೆ. ಖರ್ಚು ಯಾರದ್ದು, ಸೊಸೈಟಿ ಮೇಂಟೆನೆನ್ಸ್ ಬಾಡಿಗೆಯೊಳಗೋ ಹೊರಗೋ, ಮೊದಲೇ ಕೇಳಿ. ಸಂಕೋಚ ಬೇಡ.

ಮುಂಬೈ ಆಫರ್ ಕೂಡ ಇದ್ದರೆ ಲೆಕ್ಕ ಬೇರೆ. ಅಲ್ಲಿ ಲೋಕಲ್ ಪಾಸ್ ಅಗ್ಗ, ಬಾಡಿಗೆ ದುಬಾರಿ. ಆಫೀಸು ನವಿ ಮುಂಬೈನ ಐರೋಲಿಯಲ್ಲಿದ್ದರೆ ಠಾಣೆಯಿಂದ ನೇರ ಟ್ರೈನ್ ಇದೆ, ಸುಮ್ನೆ ಅಂಧೇರಿಯಲ್ಲಿ ಮನೆ ಹುಡುಕಬೇಡಿ.

ಇನ್ನು ಕೆಎ ನಂಬರಿನ ಕಾರು. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಡುವುದಾದರೆ ಊರಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ರಸ್ತೆ ತೆರಿಗೆ ಕಟ್ಟಿ, ಎಂಎಚ್ ನಂಬರ್ ಮಾಡಿಸಬೇಕು. ಊರಿನಲ್ಲಿ ಕಟ್ಟಿದ ತೆರಿಗೆಯ ಉಳಿಕೆಗೆ ಬೇರೆ ಅರ್ಜಿ ಹಾಕಬೇಕು, ಅದು ಕೈಗೆ ಬರುವ ಮೊದಲೇ ಇಲ್ಲಿನ ತೆರಿಗೆ ಕಟ್ಟಿರಬೇಕು. ಆ ದುಡ್ಡನ್ನೂ ಮೊದಲ ವರ್ಷದ ಖರ್ಚಿಗೆ ಸೇರಿಸಿಕೊಳ್ಳಿ.