16 ಬಿಟ್‌ಗೆ ಇಳಿಸುವುದು ಕಟ್ಟಕಡೆಗೆ, ಒಂದೇ ಸಲ

ಹಾಸನ, ಚಿಕ್ಕಮಗಳೂರು ಕಡೆ ಮನೆಯಲ್ಲೇ ಭಜನೆ, ಗಮಕ, ಹರಿಕಥೆಗಳನ್ನು ಧ್ವನಿಮುದ್ರಿಸುವ ಬಳಗದವರು, ಪ್ರಾಜೆಕ್ಟನ್ನು ಒಬ್ಬರಿಂದೊಬ್ಬರಿಗೆ ಕಳುಹಿಸುವಾಗ ಪ್ರತಿ ಟ್ರ್ಯಾಕನ್ನೂ 32 ಬಿಟ್ ಫ್ಲೋಟ್ (ದನಿಯ ಮಟ್ಟವನ್ನು ದಶಮಾಂಶ ಬಿಂದುವಿನ ಸಂಖ್ಯೆಗಳಲ್ಲಿ ಬರೆದಿಡುವ) ವೇವ್ ಕಡತವಾಗಿಯೇ ಎಕ್ಸ್‌ಪೋರ್ಟ್ ಮಾಡಿ, 16 ಬಿಟ್‌ಗೆ ಇಳಿಸುವ (ದನಿಯ ಮಟ್ಟವನ್ನು ಕಡಿಮೆ ಅಂಕಿಗಳಲ್ಲಿ ಬರೆದಿಡುವ) ಕೆಲಸವನ್ನು ಮಿಕ್ಸಿಂಗ್ ಪೂರ್ತಿ ಮುಗಿದ ಮೇಲೆ ಡಿದರ್ (ಅತಿ ಸಣ್ಣ ಗದ್ದಲ ಬೆರೆಸುವ) ಆಯ್ಕೆಯೊಂದಿಗೆ ಒಮ್ಮೆ ಮಾತ್ರ ಮಾಡಿ. ಡಿದರ್ ಇಲ್ಲದೆ ಬಿಟ್‌ಗಳನ್ನು ಕತ್ತರಿಸಿದಾಗ ಉಂಟಾಗುವ ದೋಷವು ಮೂಲ ಧ್ವನಿಯ ಏರಿಳಿತವನ್ನೇ ಹಿಂಬಾಲಿಸಿ ಒರಟಾಗಿ ಕೇಳಿಸುತ್ತದೆ. ಡಿದರ್ ಬೆರೆಸುವ ಅತಿ ಸಣ್ಣ ಗದ್ದಲವು ಆ ನಂಟನ್ನು ಕಡಿದು, ದೋಷವನ್ನು ಕಿವಿಗೆ ತೊಡಕಾಗದ ಒಂದೇ ಸಮನಾದ ಮೊರೆತವಾಗಿಸುತ್ತದೆ. ತಂಬೂರಿಯ ಕೊನೆಯ ಮೀಟು ಅಡಗುತ್ತಾ ಹೋಗುವ ಎರಡು ಮೂರು ಸೆಕೆಂಡುಗಳನ್ನು ಹೆಡ್‌ಫೋನಿನಲ್ಲಿ ವಾಲ್ಯೂಮ್ ಏರಿಸಿ ಕೇಳಿದರೆ ಈ ವ್ಯತ್ಯಾಸ ಗೊತ್ತಾಗುತ್ತದೆ (ಮುಂದಿನ ಹಾಡು ಶುರುವಾಗುವ ಮೊದಲು ವಾಲ್ಯೂಮ್ ತಗ್ಗಿಸಿಕೊಳ್ಳಿ). ಫ್ಲೋಟ್ ಕಡತದಲ್ಲಿ 0 ಡೆಸಿಬಲ್ (ಡಿಜಿಟಲ್ ದನಿಯ ಗರಿಷ್ಠ ಮಟ್ಟ) ಮೀರಿದ ಭಾಗವೂ ಉಳಿದುಕೊಳ್ಳುವುದರಿಂದ ಅದನ್ನು ಆಮೇಲೆ ತಗ್ಗಿಸಬಹುದು, 16 ಬಿಟ್‌ನಲ್ಲಿ ಅದು ಶಾಶ್ವತವಾಗಿ ಕತ್ತರಿಸಿಹೋಗುತ್ತದೆ. ಆದರೆ ಧ್ವನಿಮುದ್ರಣದ ಹೊತ್ತಿನಲ್ಲೇ ಮೈಕಿನ ಗೇನ್ (ದನಿಯನ್ನು ಹಿಗ್ಗಿಸುವ ಮಟ್ಟ) ಹೆಚ್ಚಾಗಿ ಒಡೆದುಹೋದ ದನಿಯನ್ನು ಫ್ಲೋಟ್ ಸರಿಪಡಿಸಲಾರದು. ಮುಂಗಾರಿನಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಸೇರಿಕೊಂಡಿರುವ ಮುದ್ರಣಕ್ಕೆ ಡಿದರ್ ಹಾಕಿದರೂ ಬಿಟ್ಟರೂ ವ್ಯತ್ಯಾಸ ಕೇಳಿಸದು, ಏಕೆಂದರೆ ಆ ಸದ್ದೇ ಡಿದರ್‌ನ ಕೆಲಸವನ್ನು ಮಾಡಿಬಿಟ್ಟಿರುತ್ತದೆ. ಎಂಪಿ3 ಬೇಕಿದ್ದರೆ ನಡುವೆ 16 ಬಿಟ್‌ಗೆ ಇಳಿಸದೆ ಫ್ಲೋಟ್ ಕಡತದಿಂದಲೇ ನೇರವಾಗಿ ಮಾಡಿಕೊಳ್ಳಿ.