ಹಳದಿ ಬಾವುಟ ಬಿದ್ದರೆ ನಾನು ನೋಡುವುದು

ಅಮೆರಿಕನ್ ಫುಟ್‌ಬಾಲಿನಲ್ಲಿ ಯಾರಾದರೂ ತಪ್ಪು ಮಾಡಿದರೆ ರೆಫರಿಗಳು ಹಳದಿ ಬಾವುಟ ಎಸೆದು ಪೆನಾಲ್ಟಿ ಕೊಡುತ್ತಾರೆ. ಆ ಪೆನಾಲ್ಟಿಗಳನ್ನು ನಾನು ರೂಲ್‌ಬುಕ್ ಓದಿ ಕಲಿತವನಲ್ಲ. ಟಿವಿ ಮುಂದೆ ಕೂತು, ಬಿಳಿ ಟೋಪಿಯ ರೆಫರಿಯ ಕೈ ನೋಡಿ ಕಲಿತೆ. ಆತ ತಲೆಯ ಮೇಲೆ ಒಂದು ಮಣಿಕಟ್ಟಿನಿಂದ ಇನ್ನೊಂದಕ್ಕೆ ಹೊಡೆದನೆಂದರೆ ಪರ್ಸನಲ್ ಫೌಲ್ (ಒರಟಾಟ), ತಪ್ಪು ಮಾಡಿದ ತಂಡಕ್ಕೆ 15 ಗಜ ನಷ್ಟ. ಹಿಂದೆಯೇ ಚೆಂಡೆಸೆಯುವಂತೆ ಕೈ ಬೀಸಿದರೆ ಯಾರೋ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನಿಯಮ ಮೀರಿ ಬಿದ್ದಿದ್ದಾರೆ. ಮುಖದ ಮುಂದೆ ಮುಷ್ಟಿ ಎಳೆದರೆ ಹೆಲ್ಮೆಟ್ಟಿನ ಜಾಲರಿಗೆ ಕೈ ಹಾಕಿದ್ದಾರೆ.

ಆಮೇಲೆ ನೋಡುವುದು ಎಷ್ಟನೇ ಡೌನ್ ಅಂತ. ಡೌನ್ ಅಂದರೆ ಒಂದು ಪ್ರಯತ್ನ, 10 ಗಜ ಮುಂದೆ ಹೋಗಲು ಅಂಥವು ನಾಲ್ಕು. ಗಜಕ್ಕಿಂತ ಹೆಚ್ಚು ಹೊಟ್ಟೆ ಉರಿಸುವುದು ಆಟೊಮ್ಯಾಟಿಕ್ ಫಸ್ಟ್ ಡೌನ್: ಡಿಫೆನ್ಸಿನ ತಪ್ಪಿಗೆ ಎದುರಾಳಿಗೆ ಮತ್ತೆ ಮೊದಲಿನಿಂದ ನಾಲ್ಕು ಪ್ರಯತ್ನ. ಮೂರನೇ ಡೌನ್, ಇನ್ನೂ 12 ಗಜ ಬೇಕು, ಡಿಫೆನ್ಸ್ ತಡೆದೇಬಿಟ್ಟಿತು, ಇನ್ನೇನು ಪಂಟ್ ಮಾಡಿ ಚೆಂಡನ್ನು ಎದುರಾಳಿಗೆ ಒದ್ದು ಕೊಡಬೇಕು ಅನ್ನುವಾಗ ಬಾವುಟ. ವಿಕೆಟ್ ಬಿದ್ದ ಬಾಲೇ ನೋಬಾಲ್ ಆದಂತೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಡಿಫೆನ್ಸಿನವರ ಹೋಲ್ಡಿಂಗಿಗೆ (ಎದುರಾಳಿಯನ್ನು ಹಿಡಿದೆಳೆದರೆ) ಬರೀ 5 ಗಜ, ಆದರೆ ಅದಕ್ಕೂ ಫಸ್ಟ್ ಡೌನ್ ಉಂಟು. 2023ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್ ನೋಡಿ: 35-35, ಎರಡು ನಿಮಿಷವೂ ಉಳಿದಿಲ್ಲ, ಮೂರನೇ ಡೌನಿನಲ್ಲಿ ಕ್ಯಾನ್ಸಸ್ ಸಿಟಿಯ ಪಾಸ್ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಫಿಲಡೆಲ್ಫಿಯಾದ ಜೇಮ್ಸ್ ಬ್ರಾಡ್‌ಬೆರಿ ಮೇಲೆ ಹೋಲ್ಡಿಂಗ್. ಕ್ಯಾನ್ಸಸ್ ಸಿಟಿಯವರು ಆರಾಮಾಗಿ ಸಮಯ ಕಳೆದು, ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು 3 ಅಂಕ) ಹೊಡೆದು 38-35ಕ್ಕೆ ಗೆದ್ದರು. ಎಳೆದದ್ದು ಹೌದು ಅಂತ ಬ್ರಾಡ್‌ಬೆರಿಯೇ ಒಪ್ಪಿಕೊಂಡ. ಅಭಿಮಾನಿಗಳು ಮಾತ್ರ ಒಪ್ಪಲಿಲ್ಲ!

ಗಜವೇ ಮುಳುವಾಗುವುದೂ ಉಂಟು. ಅದಕ್ಕೆ ಎರಡು ವಾರ ಮೊದಲು ಸಿನ್ಸಿನಾಟಿ ಜೊತೆಗಿನ ಕ್ಯಾನ್ಸಸ್ ಸಿಟಿಯ ಪಂದ್ಯ 20-20ರಲ್ಲಿತ್ತು, ಉಳಿದದ್ದು 8 ಸೆಕೆಂಡು. ಗೆರೆ ದಾಟಿ ಹೊರಗೆ ಹೋಗಿದ್ದ ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಸಿನ್ಸಿನಾಟಿಯ ಜೋಸೆಫ್ ಒಸ್ಸಾಯ್ ನೂಕಿದ. 60 ಗಜದಿಂದ ಒದೆಯಬೇಕಿದ್ದ ಚೆಂಡು 45 ಗಜಕ್ಕೆ ಬಂತು, ಗೋಲೂ ಆಯಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದುಬಾರಿ ಡಿಫೆನ್ಸಿನ ಪಾಸ್ ಇಂಟರ್‌ಫಿಯರೆನ್ಸ್, ಅಂದರೆ ಪಾಸ್ ಹಿಡಿಯುವ ರಿಸೀವರ್‌ಗೆ ಚೆಂಡು ಬರುವ ಮುಂಚೆಯೇ ಅಡ್ಡಿ ಮಾಡುವುದು. ಕಾಲೇಜ್ ಆಟದಲ್ಲಿ ಅದಕ್ಕೆ 15 ಗಜದ ಮಿತಿ ಇದೆ. ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗಕ್ಕೇ ಚೆಂಡು. 40 ಗಜ ಆಚೆಯಾದರೆ 40, ಅಂಕ ಗಳಿಸುವ ಎಂಡ್ ಜೋನಿನಲ್ಲಾದರೆ 1 ಗಜದ ಗೆರೆಗೆ. 2019ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ರಿಸೀವರ್‌ಗೆ ಚೆಂಡು ತಲುಪುವ ಮುಂಚೆಯೇ ರ‍್ಯಾಮ್ಸ್ ತಂಡದ ಆಟಗಾರ ಗುದ್ದಿದ. ಬಾವುಟವೇ ಬೀಳಲಿಲ್ಲ. ರ‍್ಯಾಮ್ಸ್ ಸೂಪರ್ ಬೌಲಿಗೆ ಹೋಯಿತು. ಗಲಾಟೆ ತಾಳಲಾರದೆ ಲೀಗ್ ಈ ತೀರ್ಪಿಗೂ ವಿಡಿಯೊ ರಿವ್ಯೂ ತಂದಿತು. ಒಂದೇ ಸೀಸನ್ನಿಗೆ ಕೈಬಿಟ್ಟಿತು.